ಯಾರಿಗೋ ಹೆಣೆದಿದ್ದು, ಯಾರ ಮೈಮೇಲೋ

ಹೋದ ಭಾನುವಾರ ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಇವರು ಕೆಳಗೆ ಸ್ಟೂಲ್ ಹಿಡ್ಕೊಂಡು ನಿಂತಿದ್ರು, ಚಳಿ ಎಲ್ಲ ಮುಗಿದು ಮಾರ್ಚ್ ಬಂದಮೇಲೆ ಸ್ವೆಟರ್ ಹುಡುಕ್ತಾಳೆ ನೋಡು ಅಂತ ಗೊಣಗಾಟ ಬೇರೆ. ನಾನು ಹುಡುಕ್ತಿದ್ದಿದ್ದು ಸ್ವೆಟರ್ ಅಲ್ಲ, ಅರ್ಧ ಉಂಡೆ ಬೂದುನೀಲಿ ಉಲ್ಲನ್. ಅದು ಸಿಗಲಿಲ್ಲ, ಆ ಕಥೆ ಆಮೇಲೆ ಹೇಳ್ತೀನಿ.

ಸಿಕ್ಕಿದ್ದು ಇದು: ಹನ್ನೊಂದು ಸ್ವೆಟರ್, ನಾಲ್ಕು ಕುಲಾವಿ, ಮೂರು ಒಂಟಿ ಬೂಟೀಸು (ಎಳೆ ಮಕ್ಕಳ ಕಾಲಿಂದ ಇನ್ನೊಂದು ಬೂಟೀಸು ಎಲ್ಲಿಗೆ ಹೋಗುತ್ತೆ ಅಂತ ಇವತ್ತಿನವರೆಗೂ ಯಾರೂ ಕಂಡುಹಿಡಿದಿಲ್ಲ), ಸಾಸಿವೆ ಬಣ್ಣದ ಒಂದೇ ಒಂದು ಅರ್ಧ ತೋಳು, ಮತ್ತೆ ಒಂದು ರಾಶಿ ನುಸಿಗುಳಿಗೆ ವಾಸನೆ. ನೆಲದ ಮೇಲೆ ಕೂತು ಒಂದೊಂದೇ ಬಿಡಿಸಿ ನೋಡ್ತಾ ಹೋದೆ. ಇದು ಅಣ್ಣನಿಗೆ ಅಂತ ಶುರು ಮಾಡಿದ್ದು, ಅವನ ಮಗ ಹಾಕ್ಕೊಂಡ. ಇದು ಮಗಳಿಗೆ ಅಂತ, ಪಕ್ಕದ ಮನೆ ಮಗುವಿಗೆ ಹೋಗಿ ವಾಪಸ್ ಬಂತು. ಇದು ಇವರಿಗೆ ಅಂತಲೇ ಹೆಣೆದಿದ್ದು, ಹಾಕ್ಕೊಂಡಿದ್ದು ನಮ್ಮಪ್ಪ. ಹನ್ನೊಂದರಲ್ಲಿ ಒಂದೇ ಒಂದು ಸ್ವೆಟರೂ ಯಾರ ಅಳತೆ ತಗೊಂಡು ಶುರು ಮಾಡಿದ್ನೋ ಅವರ ಹತ್ರ ಉಳಿದಿಲ್ಲ ಕಣ್ರಿ. ಇಪ್ಪತ್ತೆಂಟು ವರ್ಷದಿಂದ ಹೆಣೀತಿದ್ದೀನಿ, ಇದು ಮೊದಲೇ ಯಾಕೆ ಹೊಳೀಲಿಲ್ಲವೋ.

ನಾನು ಬೆಳೆದಿದ್ದು ತೀರ್ಥಹಳ್ಳಿ ಕಡೆ. ಆಗುಂಬೆ ಹತ್ರ ಅಂದ್ರೆ ಮಳೆ ಬಗ್ಗೆ ಬೇರೆ ಹೇಳೋದೇ ಬೇಡ, ಅಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಸುರಿಯುತ್ತೆ. ಜೂನ್‌ನಲ್ಲಿ ಮೈಮೇಲೆ ಏರಿದ ಸ್ವೆಟರು ಇಳೀತಿದ್ದಿದ್ದು ಶಿವರಾತ್ರಿ ಕಳೆದಮೇಲೇ. ದೊಡ್ಡವರಿಗೆ ಕಂಬಳಿಕೊಪ್ಪೆ, ಮಕ್ಕಳಿಗೆ ಅಮ್ಮ ಹೆಣೆದ ಸ್ವೆಟರ್. ಒಗೆದ್ರೆ ನಾಲ್ಕು ದಿನ ಆದ್ರೂ ಒಣಗ್ತಿರಲಿಲ್ಲ, ಬಚ್ಚಲೊಲೆ ಮೇಲೆ ಬಿದಿರು ಗಳುವಿಗೆ ಹಾಕಿಡೋರು, ಹಾಗಾಗಿ ನಮ್ಮ ಕ್ಲಾಸಲ್ಲಿ ಎಲ್ಲ ಮಕ್ಕಳ ಮೈಯೂ ಹೊಗೆ ವಾಸನೆ. ಯಾರಿಗೂ ನಾಚಿಕೆ ಇರಲಿಲ್ಲ, ಎಲ್ಲರೂ ಅದೇ ವಾಸನೆ ಅಲ್ವಾ.

ಅಮ್ಮ ಹೊಸ ಉಲ್ಲನ್ ತರಿಸ್ತಿದ್ದಿದ್ದು ಎರಡು ಮೂರು ವರ್ಷಕ್ಕೊಮ್ಮೆ. ಉಳಿದಂತೆ ಅದೇ ಮೆರೂನ್ ಸ್ವೆಟರು. ಅಣ್ಣ ಉದ್ದ ಆದ ಹಾಗೆಲ್ಲ ಕೆಳಗಿನ ಬಾರ್ಡರ್ ಬಿಚ್ಚಿ, ಕುಣಿಕೆ ಎತ್ತಿಕೊಂಡು, ಯಾವ ಬಣ್ಣ ಕೈಗೆ ಸಿಗುತ್ತೋ ಆ ಬಣ್ಣದ್ದು ಎರಡು ಇಂಚು ಸೇರಿಸಿ ಮತ್ತೆ ಬಾರ್ಡರ್ ಹೆಣೆಯೋರು. ತೋಳಿಗೂ ಹಾಗೇ. ಬಿಳಿ ಪಟ್ಟೆ ಅಂದ್ರೆ ನಾಲ್ಕನೇ ಕ್ಲಾಸು, ಹಸಿರು ಪಟ್ಟೆ ಅಂದ್ರೆ ಆರನೇ ಕ್ಲಾಸು. ಅಣ್ಣನಿಂದ ನನಗೆ, ನನ್ನಿಂದ ತಂಗಿಗೆ ಬರೋ ಹೊತ್ತಿಗೆ ಮೆರೂನ್ ಎಲ್ಲಿದೆ ಅಂತ ಹುಡುಕಬೇಕಿತ್ತು. ಈಗ ಇದಕ್ಕೆ ಸ್ಕ್ರ್ಯಾಪ್ ನಿಟ್ಟಿಂಗ್ ಅಂತೇನೋ ಹೆಸರಿಟ್ಟು ವಿಡಿಯೋ ಮಾಡ್ತಾರೆ, ಅಮ್ಮ ನೋಡಿದ್ರೆ ನಗ್ತಿದ್ರು.

ನಾನು ಕಲಿತಿದ್ದು ಕೊಡೆ ಕಡ್ಡಿಯಲ್ಲಿ. ಹಳೇ ಕೊಡೆಯ ಎರಡು ಕಡ್ಡಿ ಮುರಿದು, ತುದಿಯನ್ನ ಕಲ್ಲಿಗೆ ತಿಕ್ಕಿ ನಯ ಮಾಡಿ, ಇನ್ನೊಂದು ತುದಿಗೆ ಕುಣಿಕೆ ಜಾರದ ಹಾಗೆ ಬೆಂಡು ಚುಚ್ಚಿ ಅಣ್ಣನೇ ಮಾಡಿಕೊಟ್ಟಿದ್ದ. ಪ್ಲೇನು, ಪರ್ಲು, ಪ್ಲೇನು, ಪರ್ಲು. ಅದೆರಡೇ ನೋಡಿ ಇಡೀ ವಿದ್ಯೆ, ಒಂದು ಮುಂದಿಂದ ತೂರಿಸೋದು ಒಂದು ಹಿಂದಿಂದ, ಉಳಿದ ಡಿಸೈನೆಲ್ಲ ಇವೆರಡನ್ನೇ ತಿರುಗಿಸಿ ಮುರುಗಿಸಿ ಆಗೋದು. ಸರಿಯಾದ ಕಡ್ಡಿ ನನಗೆ ಸಿಕ್ಕಿದ್ದು ಮದುವೆ ಆಗಿ ಬೆಂಗಳೂರಿಗೆ ಬಂದಮೇಲೆ. ಅವೆನ್ಯೂ ರೋಡಿನ ರಾಜಾ ಮಾರ್ಕೆಟ್ ಕಡೆ ಲೇಸು ಬಟನ್ನು ಮಣಿ ಹುಡುಕ್ಕೊಂಡು ಹೋದಾಗ ತಗೊಂಡಿದ್ದು, ಬೂದು ಬಣ್ಣದ ಅಲ್ಯೂಮಿನಿಯಂ ಕಡ್ಡಿ, ತಲೆ ಮೇಲೆ ನಂಬರು. ನಮ್ಮ ಕಡ್ಡಿಗೆ ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ಸಣ್ಣ. 12 ನಂಬರ್ ಅಂದ್ರೆ 2.75 ಮಿಲಿಮೀಟರ್, ಬಾರ್ಡರಿಗೆ. 9 ಅಂದ್ರೆ 3.75, ಮೈಗೆ. ಇದು ಬ್ರಿಟಿಷರ ಹಳೇ ಲೆಕ್ಕ, ಹಾಗೇ ಉಳ್ಕೊಂಡುಬಿಟ್ಟಿದೆ.

ಈ ನಂಬರಿನ ವಿಷಯ ಯಾಕೆ ಇಷ್ಟು ಉದ್ದಕ್ಕೆ ಹೇಳ್ತಿದ್ದೀನಿ ಅಂದ್ರೆ, ನನ್ನ ಜೀವನದ ಅತಿ ದೊಡ್ಡ ಹೆಣಿಗೆ ಅನಾಹುತ ಆಗಿದ್ದೇ ಇದರಿಂದ.

ತಂಗಿ ಇರೋದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಅವಳ ಗಂಡ ಆರಡಿ ಮನುಷ್ಯ, ಅಗಲ ಎದೆ. ಒಂದು ಸಲ ಅವಳು ಒಂದು ಪ್ಯಾಟರ್ನ್ ಕಳಿಸಿ, ಅಕ್ಕಾ ಇದನ್ನ ಇವನಿಗೆ ಹೆಣೆದುಕೊಡ್ತೀಯಾ, ಡಿಸೆಂಬರ್‌ಗೆ ಊರಿಗೆ ಬಂದಾಗ ತಗೊಂಡು ಹೋಗ್ತೀವಿ ಅಂದ್ಲು. ಪ್ಯಾಟರ್ನಲ್ಲಿ 9 ನಂಬರ್ ಕಡ್ಡಿ ಅಂತ ಬರೆದಿತ್ತು. ನನ್ನ ಹತ್ರ 9 ನಂಬರ್ ಇತ್ತು. ಇನ್ನೇನು ಬೇಕು, ಬೂದುನೀಲಿ ಉಲ್ಲನ್ ತಂದು ಶುರು ಮಾಡೇಬಿಟ್ಟೆ. ಅಮೆರಿಕದವರ ಲೆಕ್ಕ ಉಲ್ಟಾ ಅಂತ ನನಗೆ ಯಾರು ಹೇಳಬೇಕು? ಅಲ್ಲಿ ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ದಪ್ಪ, ಅವರ 9 ಅಂದ್ರೆ 5.5 ಮಿಲಿಮೀಟರ್. ನಾಲ್ಕಿಂಚು ಸ್ಯಾಂಪಲ್ ಹೆಣೆದು, ಇಂಚಿಗೆ ಎಷ್ಟು ಕುಣಿಕೆ ಬರುತ್ತೆ ಅಂತ ಎಣಿಸಿ ನೋಡಿದ್ರೆ ಅವತ್ತೇ ಗೊತ್ತಾಗ್ತಿತ್ತು. ಪ್ಯಾಟರ್ನ್ ಪ್ರಕಾರ ಇಂಚಿಗೆ 4 ಬರಬೇಕು, ಎದೆಗೆ 160 ಕುಣಿಕೆ, ಅಂದ್ರೆ 40 ಇಂಚು. ನನ್ನ ಕಡ್ಡಿಯಲ್ಲಿ ನನ್ನ ಉಲ್ಲನ್ನಲ್ಲಿ ಬರ್ತಿದ್ದಿದ್ದು ಇಂಚಿಗೆ ಐದೂವರೆ. ಭಾಗಿಸಿ ನೋಡಿ, 29 ಇಂಚು.

ಸ್ಯಾಂಪಲ್ ಯಾಕೆ ಹೆಣೀಲಿಲ್ಲ ಅಂತ ಕೇಳಬೇಡಿ. ಯಾರೂ ಹೆಣೆಯಲ್ಲ. ಎಲ್ಲ ಪುಸ್ತಕದಲ್ಲೂ ಬರೆದಿರುತ್ತೆ, ಎಲ್ಲರೂ ತಲೆ ಆಡಿಸ್ತಾರೆ, ಉಂಡೆ ಕೈಗೆ ಬಂದ ತಕ್ಷಣ ಸೀದಾ 80 ಕುಣಿಕೆ ಹಾಕ್ಕೊಂಡು ಕೂರ್ತಾರೆ. ಅದೂ ಹೋಗ್ಲಿ, ಬೆನ್ನಿನ ಭಾಗ ಅರ್ಧ ಆಗೋ ಹೊತ್ತಿಗೆ ನನಗೆ ಅನುಮಾನ ಬಂದಿತ್ತು ಕಣ್ರಿ, ಇದು ಯಾಕೋ ಕಿರಿದಾಯ್ತಲ್ಲ ಅಂತ. ಆದ್ರೆ ಅಷ್ಟು ಹೆಣೆದಮೇಲೆ ಬಿಚ್ಚೋಕೆ ಮನಸ್ಸು ಬರಬೇಕಲ್ಲ, ಉಲ್ಲನ್ ಅಲ್ವಾ ಎಳೆದ್ರೆ ಬರುತ್ತೆ, ಕಡ್ಡಿ ಮೇಲಿದ್ದಾಗ ಮುದುರಿಕೊಂಡು ಹಾಗೆ ಕಾಣುತ್ತೆ, ತೊಳೆದ್ರೆ ಬಿಡುತ್ತೆ, ಹೀಗೆ ನನಗೆ ನಾನೇ ಸಮಾಧಾನ ಹೇಳ್ಕೊಂಡು ಮುಂದಿನ ಭಾಗವೂ ತೋಳುಗಳೂ ಮುಗಿಸಿ ಹೊಲಿದುಬಿಟ್ಟೆ. ಉದ್ದ ಮಾತ್ರ ಸರಿಯಾಗಿ ಇಂಚುಪಟ್ಟಿ ಹಿಡಿದು ಅಳೆದೇ ಹೆಣೆದಿದ್ದು, 26 ಇಂಚು. ಹಾಗಾಗಿ ಅಗಲ ಹತ್ತು ವರ್ಷದ ಹುಡುಗಂದು, ಉದ್ದ ಆರಡಿ ಗಂಡಸಿಂದು.

ಡಿಸೆಂಬರಲ್ಲಿ ಬಂದ್ರು. ಪಾಪ ಅವನು ಒಳ್ಳೆಯವನು, ತಲೆ ತೂರಿಸಿದ, ಒಂದು ಕೈ ತೂರಿಸಿದ, ಇನ್ನೊಂದು ಕೈ ಒಳಗೇ ಸಿಕ್ಕಾಕ್ಕೊಂಡು ಹಾಲ್ ಮಧ್ಯ ಅಲ್ಲಾಡ್ತಾ ನಿಂತ. ತಂಗಿ ನಕ್ಕು ನಕ್ಕು ಸೋಫಾ ಮೇಲೆ ಬಿದ್ಲು. ನಮ್ಮತ್ತೆ ಮಾತ್ರ ನಗಲಿಲ್ಲ, ಕನ್ನಡಕ ಸರಿ ಮಾಡ್ಕೊಂಡು ಒಂದು ನಿಮಿಷ ನೋಡಿ, "ಲೋಡಿಗೆ ಗವಸು ಚೆನ್ನಾಗಾಗಿದೆ" ಅಂದ್ರು.

ಆ ರಾತ್ರಿ ನಾನು ಅತ್ತಿದ್ದು ನಿಜ. ನಗೋ ವಿಷಯವೇ, ಈಗ ನಾನೂ ನಗ್ತೀನಿ. ಆದ್ರೆ ಮೂರು ತಿಂಗಳು, ದಿನಾ ರಾತ್ರಿ ಊಟ ಆದಮೇಲೆ ಒಂದು ಗಂಟೆ, ಕತ್ತು ನೋವು, ಹೆಬ್ಬೆರಳ ಬುಡದಲ್ಲಿ ಒಂದು ಸೆಳೆತ, ಟಿವಿ ಮುಂದೆ ಕೂತ್ರೂ ಏನೂ ನೋಡಿಲ್ಲ ಬರೀ ಎಣಿಸಿದ್ದು. ಅಷ್ಟೂ ದಿನ ನಾನು ತಲೆಯಲ್ಲಿ ಇಟ್ಕೊಂಡಿದ್ದು ಅವನನ್ನೇ, ಹಿಮದಲ್ಲಿ ಗುದ್ದಲಿ ಹಿಡ್ಕೊಂಡು ಮನೆ ಮುಂದೆ ದಾರಿ ಮಾಡೋ ಅವನನ್ನ. ಆಮೇಲೆ ತಂಗಿ ಮೆಲ್ಲಗೆ ಹೇಳಿದ್ಲು, ಅಕ್ಕಾ ಅಲ್ಲಿ ಮನೆ ಒಳಗೆಲ್ಲ ಹೀಟಿಂಗ್ ಇರುತ್ತೆ, ಟೀಶರ್ಟಲ್ಲೇ ಓಡಾಡ್ತೀವಿ, ಹೊರಗೆ ಹೋದ್ರೆ ದಪ್ಪ ಜಾಕೆಟ್ಟು, ಸ್ವೆಟರ್ ಹಾಕೋ ಸಂದರ್ಭವೇ ಕಮ್ಮಿ ಅಂತ. ಆ ಲೆಕ್ಕದಲ್ಲಿ ಮಿನಿಯಾಪೊಲಿಸ್‌ಗಿಂತ ಬೆಂಗಳೂರಲ್ಲೇ ಸ್ವೆಟರ್ ಜಾಸ್ತಿ ಬೇಕು! ಇಲ್ಲಿ ಮನೆ ಒಳಗೂ ಹೊರಗೂ ಒಂದೇ ಚಳಿ. ಡಿಸೆಂಬರಲ್ಲಿ ಬೆಳಗಿನ ಜಾವ 15 ಡಿಗ್ರಿಗೆ ಇಳೀತು ಅಂದ್ರೆ ವಾಕಿಂಗ್ ಬರೋ ಗಂಡಸರೆಲ್ಲ ಮಂಕಿ ಕ್ಯಾಪಲ್ಲೇ.

ಇದೇ ತಂಗಿಯ ಮಗ ಹುಟ್ಟಿದಾಗ ಒಂದು ಸೆಟ್ ಕಳಿಸಿದ್ದೆ, ಸ್ವೆಟರ್, ಕುಲಾವಿ, ಬೂಟೀಸು. ನಾವು ಉಲ್ಲನ್ ಉಲ್ಲನ್ ಅಂತೀವಿ, ಅಂಗಡಿಯಲ್ಲಿ ಸಿಗೋದರಲ್ಲಿ ಮುಕ್ಕಾಲು ಪಾಲು ಅಕ್ರಿಲಿಕ್, ಕುರಿಗೂ ಅದಕ್ಕೂ ಸಂಬಂಧ ಇಲ್ಲ. ಅದೊಂದು ಸಲ ಮಾತ್ರ ಮೊದಲ ಮಗು ಅಂತ ಆಸೆಪಟ್ಟು ನಿಜವಾದ ಮೆರಿನೊ ತಂದಿದ್ದೆ, ಬೆಲೆ ಇವರಿಗೆ ಇವತ್ತಿಗೂ ಹೇಳಿಲ್ಲ. ತಂಗಿ ಅದನ್ನ ಬಿಸಿನೀರಲ್ಲಿ ವಾಷಿಂಗ್ ಮಷೀನಿಗೆ ಹಾಕಿ, ಆಮೇಲೆ ಡ್ರೈಯರಿಗೂ ಹಾಕಿದ್ಲು. ಕುರಿ ಕೂದಲಿನ ಮೇಲೆ ಮೀನಿನ ಹುರುಪೆ ಥರ ಸಣ್ಣ ಪದರ ಇರುತ್ತೆ, ಬಿಸಿ ನೀರು, ಸೋಪು, ಕುಲುಕಾಟ ಮೂರೂ ಸೇರಿದ್ರೆ ಒಂದಕ್ಕೊಂದು ಕಚ್ಚಿಕೊಂಡು ಬಿಡೋದೇ ಇಲ್ಲ, ಗಟ್ಟಿ ಹಲಗೆ ಆಗುತ್ತೆ. ನಮ್ಮ ಕುರುಬರು ಕಂಬಳಿ ತುಳಿದು ಗಟ್ಟಿ ಮಾಡೋದೂ ಇದೇ ಗುಣ ನಂಬಿ, ಅದಕ್ಕೇ ಅದರಲ್ಲಿ ಮಳೆ ನೀರು ಬೇಗ ಇಳಿಯೋದಿಲ್ಲ. ಆದ್ರೆ ಆರು ತಿಂಗಳ ಮಗುವಿನ ಸ್ವೆಟರನ್ನ ಯಾರೂ ಹಾಗೆ ಗಟ್ಟಿ ಮಾಡಲ್ಲ. ಅವಳು ವಿಡಿಯೋ ಕಾಲಲ್ಲಿ ಕಣ್ಣೀರು ಹಾಕ್ಕೊಂಡು ತೋರಿಸಿದ್ಲು, ಅಂಗೈಯಷ್ಟಾಗಿತ್ತು. ಈಗ ಅದು ಅವಳ ಮನೆ ಶೋಕೇಸಲ್ಲಿ ಚನ್ನಪಟ್ಟಣದ ಗೊಂಬೆ ಮೇಲಿದೆ. ಅಳತೆ ಸರಿಯಾಗಿದೆ ಪಾಪ, ಗೊಂಬೆಗೆ.

ಹೊರಗಿನವರ ಕಾಟ ಒಂದು ಬೇರೆ. ಮದುವೆ ಮನೆಯಲ್ಲೋ ನಾಮಕರಣದಲ್ಲೋ ಯಾರಾದ್ರೂ ಸಿಕ್ಕಿ, ನೀನು ಹೇಗಿದ್ರೂ ಟೈಮ್‌ಪಾಸಿಗೆ ಮಾಡ್ತೀಯಲ್ಲ, ನಮ್ಮ ಮೊಮ್ಮಗಂಗೂ ಒಂದು ಹಾಕಿಕೊಡೇ ಅಂತಾರೆ. ಒಂದು ದೊಡ್ಡವರ ಸ್ವೆಟರಿಗೆ ನನಗೆ ಎಪ್ಪತ್ತು ಎಂಬತ್ತು ಗಂಟೆ ಹಿಡಿಯುತ್ತೆ. ಟೈಮು ಪಾಸ್ ಆಗೋದೇನೋ ನಿಜ, ಅದು ನಂದು ಅಲ್ವಾ. ಚಳಿಗಾಲದಲ್ಲಿ ಟಿಬೆಟನ್ನರು ಫುಟ್‌ಪಾತಲ್ಲಿ ಸಾಲಾಗಿ ಅಂಗಡಿ ಹಾಕ್ತಾರಲ್ಲ, ಅವರ ಹತ್ರ ಒಂದು ಸ್ವೆಟರ್ ಚೌಕಾಸಿ ಮಾಡಿದ್ರೆ ಆರುನೂರಕ್ಕೆ ಬರುತ್ತೆ, ಅದೂ ಹೆಚ್ಚಿನದು ಲುಧಿಯಾನದಲ್ಲಿ ಮಷೀನಲ್ಲಿ ಆಗಿದ್ದು. ನನಗೆ ಬರೀ ಉಲ್ಲನ್ನಿಗೇ ಅದಕ್ಕಿಂತ ಜಾಸ್ತಿ ಆಗುತ್ತೆ. ಹಾಗಾಗಿ ಅಗ್ಗಕ್ಕೆ ಅಂತ ಹೆಣೆಯೋ ಕಾಲ ಅಮ್ಮನ ಜೊತೆಗೇ ಮುಗೀತು. ಹಾಗಾದ್ರೆ ಯಾಕೆ ಹೆಣೀತೀಯಾ ಅಂತ ಇವರು ಕೇಳ್ತಾರೆ, ಪ್ರತೀ ವರ್ಷ, ಬಿಲ್ ನೋಡಿದಾಗ. ಸರಿಯಾದ ಉತ್ತರ ನನ್ನ ಹತ್ರ ಇಲ್ಲ, ನೀವು ಕ್ರಿಕೆಟ್ ಯಾಕೆ ನೋಡ್ತೀರಿ ಅಂತ ತಿರುಗಿ ಕೇಳ್ತೀನಿ.

ಇವರಿಗೆ ಹೆಣೆದಿದ್ದು ಒಂದೇ. ಚುಚ್ಚುತ್ತೆ ಅಂದ್ರು, ಎರಡು ಸಲ ಹಾಕಿ ಬಿಟ್ರು. ಅಪ್ಪ ಊರಿಂದ ಬಂದಾಗ ಬಾಗಿಲ ಹಿಂದೆ ನೇತಾಡ್ತಿದ್ದಿದ್ದನ್ನ ನೋಡಿ ಹಾಕ್ಕೊಂಡ್ರು, ವಾಪಸ್ ಹೋಗುವಾಗ ಬಿಚ್ಚಲೇ ಇಲ್ಲ. ತೋಳು ಎರಡಿಂಚು ಉದ್ದ, ಮಡಿಸ್ಕೊಂಡು ಆರು ವರ್ಷ ಅದರಲ್ಲೇ ತೋಟಕ್ಕೆ ಹೋದ್ರು, ಅಡಿಕೆ ಕಲೆ ಬೇರೆ. ಅವರು ಹೋದಮೇಲೆ ಅಣ್ಣ ಅದನ್ನ ನನಗೇ ತಂದುಕೊಟ್ಟ. ಟ್ರಂಕಲ್ಲಿ ಅದೂ ಇತ್ತು. ಮಡಿಸಿದ ಗುರುತು ತೋಳಲ್ಲಿ ಹಾಗೇ ಇದೆ, ಒಗೆದ್ರೂ ಹೋಗಿಲ್ಲ. ಅದನ್ನ ಬಿಡಿಸೋಕೆ ಹೋಗದೆ ಇದ್ದ ಹಾಗೇ ವಾಪಸ್ ಇಟ್ಟೆ.

ಇನ್ನು ಆ ಸಾಸಿವೆ ಬಣ್ಣದ ಅರ್ಧ ತೋಳು, ಅದು ಮಗಂದು. ಅವನಿಗೆ ಹನ್ನೆರಡು ವರ್ಷ ಇದ್ದಾಗ ಶುರು ಮಾಡಿದ್ದು. ಮಧ್ಯ ನನಗೆ ಆಫೀಸಲ್ಲಿ ಆಡಿಟ್ಟು, ಆಮೇಲೆ ಅಮ್ಮನ ಆಸ್ಪತ್ರೆ, ಒಂದೂವರೆ ವರ್ಷ ಕಡ್ಡಿ ಮುಟ್ಟಲಿಲ್ಲ. ಮತ್ತೆ ತೆಗೆದು ಬೆನ್ನಿನ ಭಾಗ ಅವನ ಬೆನ್ನಿಗೆ ಹಿಡಿದು ನೋಡಿದ್ರೆ ಸೊಂಟದಿಂದ ಒಂದು ಗೇಣು ಮೇಲಿದೆ. ಹನ್ನೆರಡರಿಂದ ಹದಿನಾಲ್ಕರ ಒಳಗೆ ಗಂಡುಮಕ್ಕಳು ಹೆಣಿಗೆಗಿಂತ ಸ್ಪೀಡಾಗಿ ಬೆಳೀತಾರೆ, ಇದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಅಮ್ಮ ಆಗಿದ್ರೆ ಬೇರೆ ಬಣ್ಣದ ಪಟ್ಟೆ ಸೇರಿಸಿ ಮುಗಿಸ್ತಿದ್ರು. ನಾನೂ ಹಾಗೇ ಅಂದೆ, ಅವನು, "ಅಮ್ಮಾ ಪ್ಲೀಸ್, ಬ್ಲ್ಯಾಕ್ ಹೂಡಿ ಆನ್‌ಲೈನಲ್ಲಿ ಆರ್ಡರ್ ಮಾಡು" ಅಂದ. ಬೆನ್ನಿಂದೂ ಮುಂದಿಂದೂ ಯಾವುದಕ್ಕೋ ಬಿಚ್ಚಿದೆ, ಈ ತೋಳೊಂದು ಉಳ್ಕೊಂಡಿತ್ತು.

ಈಗ ಬೂದುನೀಲಿ ಕಥೆಗೆ ಬರ್ತೀನಿ. ಲೋಡಿನ ಗವಸು ವರ್ಷಗಟ್ಟಲೆ ಹಾಗೇ ಬಿದ್ದಿತ್ತು. ಹೋದ ನವೆಂಬರಲ್ಲಿ ಒಂದು ಸಂಜೆ ಕರೆಂಟಿರಲಿಲ್ಲ, ಅತ್ತೆ ಅವರಾಗೇ, "ಆ ಗವಸು ತಗೊಂಬಾರೇ, ಬಿಚ್ಚಿಬಿಡೋಣ" ಅಂದ್ರು. ಅತ್ತೆ ನನ್ನ ಹೆಣಿಗೆಗೆ ಅಲ್ಲಿವರೆಗೂ ಒಂದು ಒಳ್ಳೆ ಮಾತಾಡಿದವರಲ್ಲ, ಫುಟ್‌ಪಾತಲ್ಲಿ ಸಿಗೋದಕ್ಕೆ ಇಷ್ಟು ಒದ್ದಾಟ ಯಾಕೆ ಅನ್ನೋ ಪಾರ್ಟಿ. ಮೊದಲು ಹೊಲಿಗೆ ಬಿಡಿಸಿದ್ವಿ. ಆಮೇಲೆ ತುದಿ ಹುಡುಕಿ ಎಳೆದ್ರೆ ಸರ ಸರ ಸರ ಅಂತ ಬರುತ್ತೆ ನೋಡಿ, ಅದರಲ್ಲಿ ಒಂದು ಸುಖ ಇದೆ, ಹೆಣೆಯುವಾಗ ಅಷ್ಟು ಸುಖ ನನಗೆ ಯಾವತ್ತೂ ಸಿಕ್ಕಿಲ್ಲ. ಮೂರು ತಿಂಗಳ ಕೆಲಸ ಮುಕ್ಕಾಲು ಗಂಟೆಯಲ್ಲಿ ಖಾಲಿ. ಬಿಚ್ಚಿದ ಉಲ್ಲನ್ ನೂಡಲ್ಸ್ ಥರ ಸುರುಳಿ ಸುರುಳಿ ಇರುತ್ತೆ, ಅದನ್ನ ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ದಾರ ಕಟ್ಟಿ, ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ನೇತು ಹಾಕಬೇಕು, ಕೆಳಗೆ ಭಾರಕ್ಕೆ ಏನಾದ್ರೂ ಕಟ್ಟಬೇಕು. ನಾವು ಹಿತ್ತಾಳೆ ಚೊಂಬು ಕಟ್ಟಿದ್ವಿ. ಎರಡು ದಿನದಲ್ಲಿ ನೆಟ್ಟಗಾಯ್ತು.

ಲಡಿಯಿಂದ ಉಂಡೆ ಸುತ್ತೋಕೆ ಎರಡು ಕೈ ಅಡ್ಡ ಹಿಡಿಯೋರು ಬೇಕು. ಅತ್ತೆ ದಿವಾನ ಮೇಲೆ ಕೂತು ಕೈ ಚಾಚಿದ್ರು. ಲಡಿ ತೂರಿಸಿದೆ. ದಾರ ಎಡಕ್ಕೆ ಬಂದಾಗ ಎಡಗೈ ಸ್ವಲ್ಪ ಬಗ್ಗಿಸೋದು, ಬಲಕ್ಕೆ ಬಂದಾಗ ಬಲಗೈ, ಅದು ಗೊತ್ತಿಲ್ಲದವರಿಗೆ ಬರಲ್ಲ. ಅವರು ತಾನಾಗೇ ಮಾಡ್ತಿದ್ರು. ಅತ್ತೇ ನಿಮಗೆ ಹೆಣಿಗೆ ಬರುತ್ತಾ ಅಂತ ಕೇಳಿದೆ, ಇಷ್ಟು ವರ್ಷ ಆದಮೇಲೆ.

1962. ಆಗಿನ್ನೂ ಮೈಸೂರು ರಾಜ್ಯ. ಅತ್ತೆ ಶಿವಮೊಗ್ಗದಲ್ಲಿ ಹೈಸ್ಕೂಲಲ್ಲಿದ್ರು. ಅಕ್ಟೋಬರ್ 20ಕ್ಕೆ ಚೀನಾ ಯುದ್ಧ ಶುರು ಆಯ್ತಲ್ಲ, ಲಡಾಖಲ್ಲಿ, ಆಗ ನೇಫಾ ಅಂತಿದ್ದ ಈಗಿನ ಅರುಣಾಚಲದಲ್ಲಿ, ನಮ್ಮ ಸೈನಿಕರು ಹತ್ತಿ ಬಟ್ಟೆಯಲ್ಲಿ ಕ್ಯಾನ್ವಾಸ್ ಶೂನಲ್ಲಿ ಅಷ್ಟು ಎತ್ತರದ ಚಳಿಯಲ್ಲಿ ನಿಂತಿದ್ದಾರೆ ಅಂತ ಸುದ್ದಿ ಬಂದು ದೇಶದ ತುಂಬಾ ಹೆಂಗಸರು ಸ್ವೆಟರು, ಮಫ್ಲರು, ಕಾಲುಚೀಲ ಹೆಣೆದು ಕಳಿಸಿದ್ರು. ಬಂಗಾರ ಬಿಚ್ಚಿ ಕೊಟ್ಟವರು ಎಷ್ಟೋ ಜನ. ಅತ್ತೆ ಸ್ಕೂಲಲ್ಲಿ ಚೆನ್ನಾಗಿ ಬರೋ ಹುಡುಗೀರಿಗೆ ಸ್ವೆಟರ್, ಬರದೇ ಇರೋರಿಗೆ ಮಫ್ಲರ್ ಕೊಟ್ರಂತೆ. ಇವರಿಗೆ ಸಿಕ್ಕಿದ್ದು ಮಫ್ಲರ್. "ಸ್ವೆಟರ್ ಹೆಣೆಯೋರ ಸಂಕಟ ನೋಡಬೇಕಿತ್ತು, ಯಾರ ಅಳತೆಗೆ ಅಂತ ಹೆಣೀತಾರೆ? ಒಬ್ಬಳು ಅವಳಣ್ಣನ ಅಳತೆ ತಗೊಂಡ್ಲು, ಒಬ್ಬಳು ನಮ್ಮ ಡ್ರಿಲ್ ಮಾಸ್ಟರ್‌ದು ಕೇಳಿ ಬೈಸಿಕೊಂಡ್ಲು." ಇವರ ಮಫ್ಲರ್ ಮುಗಿಯೋ ಹೊತ್ತಿಗೆ ನವೆಂಬರ್ ಆಗಿಹೋಗಿತ್ತು, 21ಕ್ಕೆ ಯುದ್ಧವೂ ನಿಂತಿತ್ತು. ಆದ್ರೂ ಕಳಿಸಿದ್ರು. ಆಮೇಲೆ ಮತ್ತೆ ಕಡ್ಡಿ ಹಿಡಿಯಲೇ ಇಲ್ಲವಂತೆ. "ಒಂದು ಕಡೆ ಅಗಲ ಇತ್ತು, ಇನ್ನೊಂದು ತುದಿಗೆ ಬರೋ ಹೊತ್ತಿಗೆ ಕಿರಿದಾಗಿತ್ತು. ಎಲ್ಲೆಲ್ಲೋ ಕುಣಿಕೆ ಬಿಟ್ಟಿದ್ದೆ. ಆ ಪುಣ್ಯಾತ್ಮ ಕಟ್ಟಿಕೊಂಡನೋ ಇಲ್ಲ ಬಂದೂಕು ಒರೆಸಿದನೋ." ಅಷ್ಟು ಹೇಳಿ, ಸುತ್ತು ಸುತ್ತು ಕೈ ನೋಯ್ತಿದೆ ಅಂದ್ರು.

ಆ ಉಲ್ಲನ್ನಲ್ಲಿ ಅವರಿಗೇ ಒಂದು ಮುಂದೆ ಬಟನ್ ಇರೋ ಕಾರ್ಡಿಗನ್ ಹೆಣೆಯೋಣ ಅಂತ ಅಳತೆ ತಗೊಂಡೆ. ಎದೆ 32, ತೋಳು 17. ಈ ಸಲ ಸ್ಯಾಂಪಲ್ ಹೆಣೆದೆ, ನಂಬಿದ್ರೆ ನಂಬಿ. ಬೆನ್ನು ಆಯ್ತು, ಮುಂದಿನ ಎರಡು ಭಾಗ ಆಯ್ತು, ಸಂಕ್ರಾಂತಿ ಹೊತ್ತಿಗೆ ಒಂದು ತೋಳಿಗೆ ಬಂದಿದ್ದೆ, ಹಿಡಿದು ನೋಡಿದ್ರೆ ಭುಜ ಜಾರ್ತಿದೆ. ಮತ್ತೆ ಅಳೆದೆ. 31, ಅದೂ ಬಟ್ಟೆ ಸೇರಿಸಿ. ಎರಡು ತಿಂಗಳಲ್ಲಿ. ಮಕ್ಕಳದ್ದು ಹೆಣೆಯುವಾಗ ಸ್ವಲ್ಪ ದೊಡ್ಡದಾಗಿ ಹೆಣೀಬೇಕು ಅಂತ ಎಲ್ಲರಿಗೂ ಗೊತ್ತು, ವಯಸ್ಸಾದವರಿಗೆ ಎಷ್ಟು ಕಮ್ಮಿ ಇಟ್ಕೋಬೇಕು ಅಂತ ಯಾರನ್ನ ಕೇಳೋದು. ಬಿಚ್ಚಿ ಮತ್ತೆ ಹಾಕ್ಲಾ ಅಂದೆ. ಬೇಡ, ಸಡಿಲ ಇರ್ಲಿ ಅಂದ್ರು.

ಎರಡನೇ ತೋಳಿನ ಬಾರ್ಡರಿಗೆ ಬಂದಾಗ ಉಲ್ಲನ್ ಮುಗೀತು. ಗವಸಲ್ಲಿ ಬೇಕಾದಷ್ಟಿತ್ತು, ಆದ್ರೆ ತಂಗಿ ಮಗನಿಗೆ ಟೋಪಿ ಮಫ್ಲರ್ ಮಾಡ್ತೀನಿ ಅಂತ ಮಧ್ಯದಲ್ಲೇ ಇನ್ನೂರು ಗ್ರಾಂ ತೆಗೆದಿದ್ದು ಮರೆತಿದ್ದೆ. ಮೊದಲ ಬಾರ್ಡರೂ ಬಿಚ್ಚಿ ಎರಡು ಕೈಗೂ ಹಂಚೋಣ ಅಂದ್ರೂ ಸಾಲದು. ಅಂಗಡಿಗೆ ಲೇಬಲ್ ತಗೊಂಡು ಹೋದೆ, ಹುಡುಗ ಶೇಡ್ ನಂಬರ್ ನೋಡಿದ, ಅದು ಇದೆ ಆಂಟಿ ಅಂತ ಉಂಡೆ ತಂದ, ಲಾಟ್ ಬೇರೆ. ಬಣ್ಣ ಅದ್ದುವಾಗ ಪ್ರತೀ ಬಾರಿಯೂ ಒಂದು ಕೂದಲಷ್ಟು ವ್ಯತ್ಯಾಸ ಬರುತ್ತೆ, ಟ್ಯೂಬ್‌ಲೈಟಲ್ಲಿ ಕಾಣಲ್ಲ, ಬಿಸಿಲಿಗೆ ಹಿಡಿದ್ರೆ ಒಂದು ಹೊಸದು ಒಂದು ಹಳೇದು ಅಂತ ಕಣ್ಣಿಗೆ ಹೊಡೆಯುತ್ತೆ. ಅದಕ್ಕೇ ಅಟ್ಟ ಹತ್ತಿದ್ದು ನಾನು, ಎಲ್ಲಾದ್ರೂ ಅರ್ಧ ಉಂಡೆ ಹಳೇದು ಉಳಿದಿರುತ್ತೆ ಅಂತ.

ಸಿಗಲಿಲ್ಲ ಅಂತ ಆಗ್ಲೇ ಹೇಳಿದ್ನಲ್ಲ. ಆ ಸಾಸಿವೆ ತೋಳನ್ನೇ ಬಿಚ್ಚಿದೆ. ಎರಡು ಬಾರ್ಡರಿಗೂ ಸರಿಯಾಗಿ ಸಾಕಾಯ್ತು, ಮಿಕ್ಕಿದ್ದು ಒಂದು ಮೊಳ ದಾರ. ನಿನ್ನೆ ರಾತ್ರಿ ಮುಗಿಸಿ, ಇವತ್ತು ಬೆಳಿಗ್ಗೆ ಹೊರಗೆ ಇಷ್ಟು ಸೆಕೆ ಇದ್ರೂ ಬಲವಂತ ಮಾಡಿ ಅತ್ತೆಗೆ ತೊಡಿಸಿದೆ. ಬಟನ್ ಹಾಕ್ಕೊಂಡ್ರು, ಎರಡೂ ಕೈ ಮುಂದೆ ಚಾಚಿ ಮಣಿಕಟ್ಟಿನ ಹಳದಿ ನೋಡ್ಕೊಂಡ್ರು, ತಿರುಗಿಸಿ ಇನ್ನೊಂದು ಸಲ ನೋಡ್ಕೊಂಡ್ರು.

"ಅರಿಶಿನ ಕಲಸಿ ಕೈ ತೊಳೀದೆ ಎದ್ದು ಬಂದ ಹಾಗಿದೆ ಕಣೇ" ಅಂದ್ರು. ಆದ್ರೆ ಬಿಚ್ಚಲಿಲ್ಲ, ಹಾಗೇ ತಿಂಡಿಗೆ ಕೂತ್ರು.